ಏಳನೆಯ ಅಧ್ಯಾಯದಲ್ಲಿ ಸತ್ತವನು

17 ಜನವರಿ 1988, ಭಾನುವಾರ

ಆಂಡ್ರ್ಯೂ ಸಾಹೇಬರ ಪುಸ್ತಕ ಲಂಡನ್ನಿನಿಂದ ಬಂತು. ಇಡೀ ಆಫೀಸಿನಲ್ಲಿ ಮೊದಲ ಪ್ರತಿ ನನಗೆ! 'ನನ್ನ ಪ್ರೀತಿಯ ಸಿರಿಲ್‌ಗೆ' ಎಂದು ಬರೆದು ಸಹಿ ಹಾಕಿ ಕೊಟ್ಟರು. ಇಲ್ಲಿ ಮಸ್ಕತ್ತಿನ ಅಲ್ ಖುವೈರ್‌ನ ನಮ್ಮ ಕಂಪನಿಗೆ ಅವರು ಸಲಹೆಗಾರರು. ಅದಕ್ಕೂ ಮೊದಲು, ಇಪ್ಪತ್ತರ ಪ್ರಾಯದಲ್ಲಿ, ಬಾಂಬೆಯಿಂದ ಮಸ್ಕತ್ತಿಗೆ, ಅಲ್ಲಿಂದ ಬಸ್ರಾಕ್ಕೆ ಹೋಗುತ್ತಿದ್ದ ಬ್ರಿಟಿಷ್ ಸ್ಟೀಮರುಗಳಲ್ಲಿ ಆಫೀಸರಾಗಿದ್ದವರು. ಆ ಪ್ರಯಾಣಗಳು, ಬಂದರುಗಳು, ಒಂದೊಂದೇ ಬಂದರಿನಲ್ಲಿ ಬ್ರಿಟಿಷ್ ಬಾವುಟ ಇಳಿದದ್ದು, ಎಲ್ಲವೂ ಪುಸ್ತಕದಲ್ಲಿದೆಯಂತೆ. ಇಷ್ಟನ್ನೂ ಹೊದಿಕೆಯ ಹಿಂಬದಿಯಲ್ಲಿ ಓದಿದೆ. ಒಳಗಡೆ ಇನ್ನೂ ಓದಿಲ್ಲ.

ಓದದಿದ್ದರೂ ನಡೆಯುತ್ತದೆ. ಫೆಬ್ರವರಿ ಐದಕ್ಕೆ ನಮ್ಮ ಮಂಗಳೂರಿನವರ ಸಂಘದಿಂದ ಅವರಿಗೆ ಸನ್ಮಾನ. ಹಡಗಿನಲ್ಲಿ ದುಡಿದ ನಮ್ಮ ಊರಿನ ಹುಡುಗರ ಬಗ್ಗೆ ಒಂದು ಅಧ್ಯಾಯವೇ ಇದೆಯೆಂದು ಸಾಹೇಬರು ಹೇಳಿದ್ದನ್ನು ನಾನೇ ಅಧ್ಯಕ್ಷ ಸ್ಟ್ಯಾನಿಯ ಕಿವಿಯಲ್ಲಿ ಊದಿದ್ದು. ಕಾರ್ಯಕ್ರಮ ನಿರೂಪಣೆಯೂ ನನ್ನದೇ.

ಪಪ್ಪಾನ ವಿಸಿಟ್ ವೀಸಾದ ಕಾಗದಕ್ಕೂ ಸಾಹೇಬರೇ ಶಿಫಾರಸು ಮಾಡಿದರು. ಯಾರ ಹೆಸರು, ಏನು ಎಂದು ನೋಡಲೂ ಇಲ್ಲ. "ನಿನ್ನ ತಂದೆ ಅಂದ ಮೇಲೆ ನೋಡುವುದೇನು?" ಎಂದರು. ದೊಡ್ಡ ಮನಸ್ಸು. ಮನೆಗೆ ಬಂದು ಹೇಳಿದರೆ ಹೆಂಡತಿ ಸೋಫಿಯಾ, "ಬೆಳ್ಳಗಿದ್ದದ್ದೆಲ್ಲ ಹಾಲು ನಿನಗೆ" ಎಂದು ಚಪಾತಿ ಹಿಟ್ಟು ನಾದುತ್ತಲೇ ಇದ್ದಳು. ಬಾಂಬೆಯಲ್ಲಿ ಬೆಳೆದ ಇವಳಿಗೆ ಕನ್ನಡ ಓದಲು ಬಾರದು. ದಿನಚರಿಯನ್ನು ಕನ್ನಡದಲ್ಲಿ ಬರೆಯುವುದರ ದೊಡ್ಡ ಲಾಭ ಇದೇ.

22 ಜನವರಿ, ಶುಕ್ರವಾರ

ನನ್ನ ಅಪ್ಪ ಸತ್ತು ಮೂವತ್ತೈದು ವರ್ಷವಾಯಿತಂತೆ.

ಭಾಷಣಕ್ಕೆ ನಾಲ್ಕು ಸಾಲು ಸಿಕ್ಕೀತು ಎಂದು ಊಟವಾದ ಮೇಲೆ ಏಳನೆಯ ಅಧ್ಯಾಯ ತೆಗೆದೆ. 1953ರ ಪ್ರಯಾಣ. ಹಡಗಿನ ಸಲೂನಿನಲ್ಲಿ, ಎಂದರೆ ಸಾಹೇಬರ ಊಟದ ಕೋಣೆಯಲ್ಲಿ, ತಟ್ಟೆ ಎತ್ತುವ ಒಬ್ಬ ಹುಡುಗ. ಊರು ಮಂಗಳೂರಿನ ಹತ್ತಿರದ ಕಿನ್ನಿಗೋಳಿ. ಹೆಸರು ಪಿಯುಸ್ ಮಿನೇಜಸ್. ಬಾಂಬೆಗೆ ಮರಳುವಾಗ, ಮಸ್ಕತ್ ಬಿಟ್ಟ ಮೇಲೆ, ಜ್ವರ ಬಂದು ಸತ್ತ. ಸೂರ್ ಊರಿನ ಎದುರಿಗೆ, ಬೆಳಗಿನ ಹೊತ್ತು, ಗುಡ್ಡಗಳು ಕೆಂಪೇರುತ್ತಿದ್ದಾಗ, ಬ್ರಿಟಿಷ್ ಬಾವುಟ ಹೊದೆಸಿ ಅವನನ್ನು ಸಮುದ್ರಕ್ಕೆ ಇಳಿಸಿದರು. ಪ್ರಾರ್ಥನೆ ಓದಿದ್ದು ಸಾಹೇಬರೇ. ದೂರದಲ್ಲಿ ಸೂರ್‌ನ ಹಾಯಿ ಹಡಗುಗಳು ತಲೆಬಾಗಿ ನಿಂತಂತೆ ಕಂಡವಂತೆ.

ಎರಡನೆಯ ಸಲ ಓದಿದೆ. ಮೂರನೆಯ ಸಲ ಓದುವಾಗ ಅಕ್ಷರ ಕಾಣಲಿಲ್ಲ. ಪಿಯುಸ್ ಮಿನೇಜಸ್, ಕಿನ್ನಿಗೋಳಿ. ಅದು ನನ್ನ ಅಪ್ಪ. ಹಡಗಿನಲ್ಲಿದ್ದರು ನಿಜ. ನಾನು ಚಿಕ್ಕವನಿದ್ದಾಗ ಬಿಟ್ಟರು. "ನಿನ್ನ ಮಮ್ಮಿಗೋಸ್ಕರ ಕಡಲು ಬಿಟ್ಟೆ" ಎಂದು ಎಷ್ಟು ಸಲ ಹೇಳಿದ್ದಾರೆ! ಆಮೇಲೆ ಹಂಚಿನ ಕಾರ್ಖಾನೆಯಲ್ಲಿ ದುಡಿದರು. ಮೊನ್ನೆ ಫೋನಿನಲ್ಲಿ, ಹಪ್ಪಳ ತರಲಾ, ಉಪ್ಪಿನಕಾಯಿ ತರಲಾ ಎಂದು ಕೇಳಿದರು.

ಸೋಫಿಯಾಳಿಗೆ ತೋರಿಸಿದೆ. ಅವಳು ಓದಿ, ಶಿಲುಬೆ ಗುರುತು ಹಾಕಿಕೊಂಡು, "ಇದೆಂತ ಮಾರಾಯ, ಬದುಕಿದ್ದವರನ್ನು ಹೀಗೂ ಕೊಲ್ತಾರಾ?" ಎಂದಳು.

24 ಜನವರಿ, ಭಾನುವಾರ

ಕೇಳಿಯೇ ಬಿಟ್ಟೆ. "ಸರ್, ಏಳನೆಯ ಅಧ್ಯಾಯದ ಆ ಹುಡುಗ… ನಿಜವಾಗಿ ಇದ್ದವನಾ, ಅಥವಾ ಕಥೆಗೋಸ್ಕರ ಮಾಡಿದ್ದಾ?"

ಆಂಡ್ರ್ಯೂ ಸಾಹೇಬರು ಕನ್ನಡಕ ತೆಗೆದರು. "ಇಡೀ ಪುಸ್ತಕದಲ್ಲಿ ಅದಕ್ಕಿಂತ ನಿಜವಾದ ಅಧ್ಯಾಯ ಬೇರೆ ಇಲ್ಲ, ಸಿರಿಲ್. ಈ ಕೈಗಳಲ್ಲೇ ಅವನನ್ನು ಸುತ್ತಿದೆ. ಅದನ್ನು ಓದಿ ಅತ್ತೆವು ಎಂದು ಲಂಡನ್ನಿನಿಂದ ಎಷ್ಟು ಜನ ನನಗೆ ಬರೆದಿದ್ದಾರೆ ಗೊತ್ತಾ?" ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳುವವರ ಕಣ್ಣಲ್ಲ ಅದು.

ಹಾಗಾದರೆ ಗುರುವಾರದ ವಿಮಾನದಲ್ಲಿ ಬರುತ್ತಿರುವವರು ಯಾರು?

28 ಜನವರಿ, ಗುರುವಾರ

ಸೀಬ್ ಏರ್‌ಪೋರ್ಟಿನಲ್ಲಿ ಪಪ್ಪಾ ಗಾಡಿ ತಳ್ಳಿಕೊಂಡು ಬಂದರು. ತಲೆಯ ಮೇಲೆ ಹಳೆಯ ಹ್ಯಾಟು. ಹಲಸಿನ ಹಪ್ಪಳದ ಡಬ್ಬವನ್ನು ಕಸ್ಟಮ್ಸಿನವರು ಬಿಚ್ಚಿಸಿದ್ದಕ್ಕೆ ಇನ್ನೂ ಸಿಟ್ಟು ಇಳಿದಿರಲಿಲ್ಲ. ನಾನು ಮಗನೋ ಪೋಲೀಸೋ ಎಂಬಂತೆ ಅವರ ಮುಖ ನೋಡುತ್ತಿದ್ದೆ. ಅದೇ ಮೂಗು, ಅದೇ ಕಿವಿ. ನನ್ನವೂ ಅವೇ. ಕನ್ನಡಿ ನೋಡಿ ಸಮಾಧಾನ ಮಾಡಿಕೊಳ್ಳುವ ಸ್ಥಿತಿ ಬಂತಲ್ಲ ನನಗೆ!

"ಎಂತ ಪುತಾ, ಭೂತ ಕಂಡವರ ಹಾಗೆ ನೋಡ್ತೀಯಲ್ಲ?" ಎಂದರು.

29 ಜನವರಿ, ಶುಕ್ರವಾರ

ಇದನ್ನು ಬರೆಯದಿದ್ದರೆ ತಲೆ ಒಡೆಯುತ್ತದೆ.

ಚಾ ಕುಡಿದ ಮೇಲೆ ಪಪ್ಪಾನನ್ನು ಕೂರಿಸಿ ಆ ಅಧ್ಯಾಯವನ್ನು ಕೊಂಕಣಿಯಲ್ಲಿ ಹೇಳುತ್ತಾ ಹೋದೆ. 'ನಾನು ಸತ್ತಿಲ್ಲವಲ್ಲ, ಸಾಹೇಬನಿಗೆ ಮರುಳು' ಎಂದು ನಕ್ಕುಬಿಡುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಪ್ರಾರ್ಥನೆಯ ಭಾಗ ಬಂದಾಗ ಕೇಳಿದರು: "ಅವನಿಗೆ ನಮ್ಮ ಪ್ರಾರ್ಥನೆಯನ್ನೇ ಹೇಳಿದ್ರಾ? ಪಾಪ. ಅವ ಹಿಂದೂ."

ಯಾರು ಅವ ಎಂದು ಕೇಳಿದೆ.

ಸತ್ತವನ ಹೆಸರು ಬೋಜ. ಮಲ್ಪೆಯ ಮೊಗವೀರರವನು. ಬಾಂಬೆಯ ಮಜಗಾಂವಿನಲ್ಲಿ ನಮ್ಮವರು ಇರುತ್ತಿದ್ದ ರೂಮಿಗೆ ಮೀನು ತಂದುಕೊಡುತ್ತಿದ್ದ. ಅವನಿಗೂ ಹಡಗು ಹತ್ತುವ ಆಸೆ. ಆದರೆ ಸಲೂನಿನ ಕೆಲಸಕ್ಕೆ ಕ್ರಿಸ್ತರನ್ನೇ ತೆಗೆದುಕೊಳ್ಳುತ್ತಿದ್ದರು. ದನ, ಹಂದಿ ಬಡಿಸಲು ಅಂಜದವರು ಬೇಕಿತ್ತು.

"ನನ್ನ ಹೆಸರು ಕರೆದಿದ್ರು, ಹಡಗು ಹೊರಡ್ಲಿಕ್ಕಿತ್ತು" ಎಂದರು ಪಪ್ಪಾ. "ಅಷ್ಟರಲ್ಲಿ ನಿನ್ನ ಮಮ್ಮಿಯ ತಾರು ಬಂತು. ನಿನಗೆ ಟೈಫಾಯ್ಡ್, ಉಳಿಯುವ ಭರವಸೆ ಇಲ್ಲ ಅಂತ. ನಾನು ಊರಿಗೆ ಹೋದ್ರೆ ಸರದಿ ತಪ್ಪುತ್ತದೆ. ಮತ್ತೆ ಕರೆ ಬರ್ಲಿಕ್ಕೆ ಎಷ್ಟು ಕಾಲವೋ! ಬೋಜ ಹೇಳಿದ, ನಿಮ್ಮ ಬುಕ್ಕು ಕೊಡಿ, ನಾನು ಒಂದು ಟ್ರಿಪ್ ಹೋಗಿ ಬರ್ತೇನೆ ಅಂತ. ಹಡಗಿನ ಗುರುತಿನ ಬುಕ್ಕನ್ನು ಆಗ ಎಲ್ಲರೂ ಹಾಗೆ ಕೊಡುದು, ತಗೊಳ್ಳುದು."

"ಅದರಲ್ಲಿ ಫೋಟೋ ಇರ್ತದಲ್ಲ?"

"ಫೋಟೋ ಯಾರು ನೋಡ್ತಾರೆ ಪುತಾ? ಸಾಹೇಬರಿಗೆ ನಾವೆಲ್ಲ ಒಂದೇ ಮುಖ. ಶಿಲುಬೆ ಗುರುತು ಹಾಕ್ಲಿಕ್ಕೆ ಕಲಿಸಿದೆ. ಕುತ್ತಿಗೆಗೆ ನನ್ನ ಜಪಮಾಲೆ ಹಾಕಿದೆ."

ನನ್ನ ಜ್ವರ ಬಿಟ್ಟಿತು. ಪಪ್ಪಾ ನನಗೆ ಗಂಜಿ ಉಣಿಸುತ್ತಿದ್ದಾಗಲೇ ಕಂಪನಿಯ ತಾರು ಬಂತಂತೆ, ಮಮ್ಮಿಯ ಹೆಸರಿಗೆ: ನಿನ್ನ ಗಂಡ ಪಿಯುಸ್ ತೀರಿಕೊಂಡ. ಗಂಡ ಎದುರಿಗೇ ಚಮಚ ಹಿಡಿದು ಕೂತಿದ್ದಾನೆ. ಹೊರಗೆ ಗೊತ್ತಾದರೆ ಜೈಲು. ಇಬ್ಬರೂ ತಾರನ್ನು ಒಲೆಗೆ ಹಾಕಿ, ಕಂಪನಿಗೆ ಉತ್ತರ ಕೊಡದೆ, ಕಿನ್ನಿಗೋಳಿಯ ಮನೆ ಖಾಲಿ ಮಾಡಿ ಮಂಗಳೂರಿಗೆ ಬಂದುಬಿಟ್ಟರು.

"ಅವನ ಮನೆಯವರಿಗೆ?"

"ಮಲ್ಪೆಗೆ ಹೋಗಿದ್ದೆ. ಹೇಳ್ಬೇಕು ಅಂತಲೇ ಹೋದದ್ದು. ಹೆಂಡತಿ ಕುಸುಮ, ತುಂಬು ಬಸುರಿ. ನಾನು ಬಾಂಬೆಯವ ಅಂತ ಗೊತ್ತಾದ ಕೂಡ್ಲೇ ಓಡಿ ಬಂದು, ನಮ್ಮವರು ಸುಖವಾ ಪೊರ್ಬುಗಳೇ ಅಂತ, ಅವರು ನಮ್ಮ ಕ್ರಿಸ್ತರನ್ನು ಕರೆಯುವ ಹಾಗೆ, ಕೇಳಿದಳು. ನಾನು ಸುಖ ಅಂದೆ."

"ಸುಖ ಅಂದ್ರಾ?"

"ಹೌದು. ಅವನಿಗೆ ಕೊಡಿ ಅಂತ ಒಂದು ಕಟ್ಟು ಒಣ ಮೀನು ಕೊಟ್ಟಳು. ಅದನ್ನೂ ಹಿಡ್ಕೊಂಡು ಬಂದೆ."

31 ಜನವರಿ, ಭಾನುವಾರ

ಅವನು ಸತ್ತದ್ದು ನನ್ನ ಜ್ವರಕ್ಕೆ.

3 ಫೆಬ್ರವರಿ, ಬುಧವಾರ

ನಮ್ಮ ಕಟ್ಟಡದ ಕೆಳಗೆ ಉಪ್ಪಳದ ಕುಂಞಾಲಿಯ ಅಂಗಡಿ. ಕರಾವಳಿಯವರು ಯಾರು ಎಲ್ಲಿದ್ದಾರೆ ಎಂದು ರಾಯಭಾರಿ ಕಚೇರಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ಮಲ್ಪೆಯವರು ಯಾರಾದರೂ ಉಂಟಾ, ಬೋಜ ಎಂಬ ಹೆಸರು ಕೇಳಿದ್ದೀಯಾ ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದೆ. ಇಲ್ಲ ಅನ್ನಲಿ ದೇವರೇ ಎಂದು ಒಳಗೊಳಗೇ ಬೇಡುತ್ತಿದ್ದೆ.

"ಬೋಜನಾ? ಅಜೈಬಾದಲ್ಲಿ ಏಸಿ ಮೆಕ್ಯಾನಿಕ್ ಗುರುವ ಇದ್ದಾನಲ್ಲ, ಅವನ ಮಾವನ ಹೆಸರು ಅದೇ" ಎಂದ. "ಆ ಜನವನ್ನು ಇವ ಕಂಡೇ ಇಲ್ಲ ಮಾರಾಯ್ರೆ. ಗುರುವನ ಹೆಂಡತಿ ಮೋಹಿನಿ ಹುಟ್ಟುವ ಮೊದಲೇ ಬಾಂಬೆಗೆ ಹೋದವ ಪತ್ತೆ ಇಲ್ಲ. ಆದ್ರೆ ಅತ್ತೆ ಇವತ್ತಿಗೂ ಕರಿಮಣಿ ತೆಗೀಲಿಲ್ಲ. ಗುರುವ ರಜೆಗೆ ಹೋಗುವಾಗೆಲ್ಲ ನನ್ನ ಅಂಗಡಿಯಿಂದ ಒಂದು ಲುಂಗಿ ಹೆಚ್ಚಿಗೆ ತಗೊಳ್ತಾನೆ. ಮಾವನಿಗೆ ಅಂತಾನೆ. ಅತ್ತೆ ಅದನ್ನು ಪೆಟ್ಟಿಗೆಯಲ್ಲಿ ಮಡಚಿ ಇಡ್ತಾರಂತೆ."

ಮೇಲೆ ಬಂದು ಪಪ್ಪಾನಿಗೂ ಸೋಫಿಯಾಳಿಗೂ ಹೇಳಿದೆ.

ಪಪ್ಪಾ ಈಗಲೇ ಅಜೈಬಾಕ್ಕೆ ಹೋಗೋಣ ಎನ್ನುತ್ತಾರೆ. ಸೋಫಿಯಾ ಬೇಡ ಎನ್ನುತ್ತಾಳೆ. "ಆ ಅಜ್ಜಿ ಇಷ್ಟು ವರ್ಷ ಮುತ್ತೈದೆಯಾಗಿ ಇದ್ದಾರೆ. ಇನ್ನು ನೀವು ಹೋಗಿ ಕುಂಕುಮ ಅಳಿಸ್ತೀರಾ? ಯಾರ ಪುಣ್ಯಕ್ಕೆ?" ಅವಳು ಹೇಳುವುದೇ ಸರಿ. ಪಪ್ಪಾನ ಹೆಸರು ಕೆಡುತ್ತದೆ, ಆಂಡ್ರ್ಯೂ ಸಾಹೇಬರಿಗೆ ಮುಜುಗರ, ನನ್ನ ಕಾಂಟ್ರ್ಯಾಕ್ಟ್ ಜೂನಿಗೆ ಮುಗಿಯುತ್ತದೆ. ಸತ್ತವನು ಸತ್ತ. ನಾನು ಯಾರಿಗೂ ಹೇಳುವುದಿಲ್ಲ. ಇದು ತೀರ್ಮಾನ.

ಸನ್ಮಾನದ ದಿನ ಪಪ್ಪಾ ಮನೆಯಲ್ಲೇ ಇರಲಿ ಎಂದೂ ಹೇಳಿದೆ. ಅವರು ತಲೆಯಾಡಿಸಿದರು.

5 ಫೆಬ್ರವರಿ, ಶುಕ್ರವಾರ

ಹಾಲ್ ಭರ್ತಿ. ಶಾಲು, ಹಾರ, ಹಣ್ಣಿನ ಬುಟ್ಟಿ. ಸ್ಟ್ಯಾನಿ ಹೊಸ ಸೂಟಿನಲ್ಲಿ ಮದುಮಗನ ಹಾಗೆ ಓಡಾಡುತ್ತಿದ್ದ. ನಾನು ಬರೆದುಕೊಂಡು ಹೋದ ಹೊಗಳಿಕೆಯನ್ನೆಲ್ಲ ಓದಿದೆ. ಚಪ್ಪಾಳೆ ಬಿತ್ತು. ಆಮೇಲೆ ಆಂಡ್ರ್ಯೂ ಎದ್ದು, ನಿಮ್ಮ ಊರಿನ ಹುಡುಗನಿಗೆ ನನ್ನ ಗೌರವ ಎಂದು ಏಳನೆಯ ಅಧ್ಯಾಯವನ್ನೇ ಓದಿದರು. ಒಳ್ಳೆಯ ಗಂಟಲು. ಕೆಂಪೇರುವ ಗುಡ್ಡ, ಬಾವುಟ, ತಲೆಬಾಗಿದ ಹಾಯಿಗಳು. ಮುಂದಿನ ಸಾಲಿನ ಹೆಂಗಸರು ಕರವಸ್ತ್ರ ತೆಗೆದರು. ಕೊನೆಗೆ ಆ ವಾಕ್ಯ ಬಂತು: 'ಅವನಿಗಾಗಿ ಅಳುವವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ, ನಾನೊಬ್ಬನೇ ಇದ್ದೆ.'

ಮನೆಯಲ್ಲಿ ಓದುವಾಗ ಈ ವಾಕ್ಯ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಯಾರೂ ಇರಲಿಲ್ಲವಂತೆ!

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು. ಪಪ್ಪಾ ನಿಂತಿದ್ದರು. ಪಕ್ಕದಲ್ಲಿ ಸೋಫಿಯಾ. ಬೇಡ ಬೇಡ ಎಂದವಳು ಅವಳೇ ಕರೆದುಕೊಂಡು ಬಂದಿದ್ದಳು.

"ಸಾಬ್" ಎಂದರು ಪಪ್ಪಾ, ಹಡಗಿನ ಹಳೆಯ ಇಂಗ್ಲಿಷಿನಲ್ಲಿ. "ದಟ್ ಬಾಯ್ ನೋ ಪಿಯುಸ್. ಪಿಯುಸ್ ಮೀ."

ಮೊದಲು ಜನ ನಕ್ಕರು. ಮುದುಕನಿಗೆ ತಲೆ ಸರಿಯಿಲ್ಲ ಎಂದುಕೊಂಡರು. ಸ್ಟ್ಯಾನಿ ನನ್ನ ಕಡೆ ಕೈ ಬೀಸಿ, "ಖಲಾಸ್, ಮುಗಿಸು ಮಾರಾಯ!" ಎಂದ. ಆಂಡ್ರ್ಯೂ ಮುಖದ ನಗುವನ್ನು ಹಾಗೇ ಇಟ್ಟುಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿ, "ಆ ಮುದುಕನನ್ನು ಹೊರಗೆ ಕರೆದುಕೊಂಡು ಹೋಗು ಸಿರಿಲ್. ಸ್ವಲ್ಪ ಗಾಳಿ ಬೇಕು ಅವನಿಗೆ" ಎಂದರು. ನಾನು ವೇದಿಕೆಯಿಂದ ಇಳಿದು ಪಪ್ಪಾನ ಹತ್ತಿರ ಹೋದೆ, ಹೊರಗೆ ಕರೆದುಕೊಂಡು ಹೋಗಲೆಂದೇ. ಕೈಯಲ್ಲಿ ಮೈಕಿತ್ತು. ಅದು ಪಪ್ಪಾನ ಕೈಗೆ ಹೇಗೆ ಹೋಯಿತೋ. ಅವರ ತೋಳು ಹಿಡಿಯಲು ನನ್ನ ಕೈ ಖಾಲಿ ಬೇಕಿತ್ತು, ಅದಕ್ಕೇ ಇರಬೇಕು.

ಪಪ್ಪಾ ಮೈಕಿನಲ್ಲಿ ಎಲ್ಲ ಹೇಳಿದರು. ಬೋಜ ಎಂದರು, ಮಲ್ಪೆ ಎಂದರು. ಹೆಂಡತಿಯ ಹೆಸರು ಕುಸುಮ ಎಂದರು. "ಸುಖ ಅಂತ ಸುಳ್ಳು ಹೇಳಿ ಬಂದವ ನಾನು" ಎಂದರು. ಆಂಡ್ರ್ಯೂ ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಹೋದರು.

6 ಫೆಬ್ರವರಿ, ಶನಿವಾರ

ಊರಿನ ಬಾಯಿ ಅಜೈಬಾ ಮುಟ್ಟುವ ಮೊದಲು ನಾವು ಮುಟ್ಟಬೇಕಿತ್ತು. ಬೆಳಿಗ್ಗೆಯೇ ಹೋದೆವು. ಗುರುವ ಡ್ಯೂಟಿಗೆ ಹೊರಟು ನಿಂತಿದ್ದವನು ಶೂ ಬಿಚ್ಚಿ ಕೂತ. ಮೋಹಿನಿ ಎದುರಿಗೆ ನಿಂತು ಕೇಳಿದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಪಪ್ಪಾ ಎಲ್ಲ ಹೇಳಿ ಮುಗಿಸಿ, ಅವಳ ಕಾಲು ಹಿಡಿಯಲು ಬಗ್ಗಿದರು. ಅವಳು ಹಿಂದೆ ಸರಿದಳು.

"ಕೂತ್ಕೊಳ್ಳಿ ಪೊರ್ಬುಗಳೇ. ಪ್ರಾಯದವರು ನೀವು. ನನ್ನ ಕಾಲು ಹಿಡಿದು ಎಂತ ಪ್ರಯೋಜನ? ಅಪ್ಪ ಸತ್ತದ್ದಕ್ಕೆ ನಾನು ನಿಮ್ಮನ್ನು ಬಯ್ಯುದಿಲ್ಲ. ಜ್ವರ ಯಾರಿಗೂ ಬರ್ತದೆ. ಆದ್ರೆ ನೀವು ಸತ್ತ ಸುದ್ದಿ ನಿಮ್ಮ ಹೆಂಡತಿಗೆ ಬಂತು. ನನ್ನ ಅಮ್ಮನಿಗೆ ಯಾರದ್ದೂ ಬರ್ಲಿಲ್ಲ."



ಮೋಹಿನಿ ಅಳಲಿಲ್ಲ. ಒಳಗೆ ಹೋಗಿ ನೀರು ತಂದುಕೊಟ್ಟು ನನ್ನನ್ನು ಕೇಳಿದಳು: "ಯಾವ ದಿನ?"

"ಅಂದ್ರೆ?"

"ತೀರಿಹೋದ ದಿನ. ಅಮ್ಮನಿಗೆ ಹೇಳ್ಬೇಕಾದ್ರೆ ದಿನ ಬೇಕು. ಬೊಜ್ಜ, ಉತ್ತರಕ್ರಿಯೆ, ಮಾಡ್ಬೇಕಲ್ಲ ಅವರದ್ದು. ಇಷ್ಟು ವರ್ಷ ಆ ಜೀವಕ್ಕೆ ಒಂದು ಎಲೆ ಹಾಕಿ ಬಡಿಸ್ಲಿಲ್ಲ ನಾವು, ಬದುಕಿದ್ದಾರೆ ಅಂತ. ಆ ಬಿಳಿಯವರಿಗೆ ಗೊತ್ತಿರ್ತದಲ್ಲ? ಅಷ್ಟೆಲ್ಲ ಬರೆದವರಿಗೆ ದಿನ ಗೊತ್ತಿರ್ಲಿಕ್ಕಿಲ್ವಾ?"

ಮನೆಗೆ ಬಂದು ಅಧ್ಯಾಯವನ್ನು ಸಾಲು ಸಾಲಾಗಿ ಹುಡುಕಿದೆ. ಗಾಳಿ ಯಾವ ದಿಕ್ಕಿನಿಂದ ಬೀಸಿತೆಂದು ಇದೆ. ದಿನ ಇಲ್ಲ, ತಿಂಗಳೂ ಇಲ್ಲ.

9 ಫೆಬ್ರವರಿ, ಮಂಗಳವಾರ

ಆಂಡ್ರ್ಯೂ ಎರಡು ದಿನ ನನ್ನನ್ನು ತನ್ನ ರೂಮಿನ ಒಳಗೆ ಬಿಡಲಿಲ್ಲ. ಇವತ್ತು ಬಾಗಿಲು ತಟ್ಟದೆ ಹೋದೆ. ಸತ್ತವನಿಗೆ ಮಗಳಿದ್ದಾಳೆ, ಇಲ್ಲೇ ಇದ್ದಾಳೆ, ದಿನ ಕೇಳುತ್ತಿದ್ದಾಳೆ ಎಂದೆ.

ಆಂಡ್ರ್ಯೂ ಕಿಟಕಿಯಿಂದ ಕೆಳಗೆ ಹೆದ್ದಾರಿ ನೋಡುತ್ತಾ ಕೂತಿದ್ದ. "ನೆನಪಿಲ್ಲ" ಎಂದ.

"ಬೆಳಗಿನ ಹೊತ್ತು ಅಂತ ಬರೆದಿದ್ದೀರಿ. ಯಾವ ತಿಂಗಳ ಬೆಳಗು? ಬಿಸಿಲಾ, ಚಳಿಯಾ? ಅಷ್ಟಾದರೂ ಹೇಳಿ."

"ಮಧ್ಯಾಹ್ನವಿರಬಹುದು. ಸಮುದ್ರದ ಸಾವಿಗೆ ಬೆಳಗು ಚೆನ್ನಾಗಿ ಒಪ್ಪುತ್ತದೆ, ಸಿರಿಲ್. ನಿಜ ಹೇಳಬೇಕೆಂದರೆ ಪ್ರಾರ್ಥನೆ ಓದಿದ್ದು ಕ್ಯಾಪ್ಟನ್. ನಾನು ನಿದ್ದೆಯಲ್ಲಿದ್ದೆ. ರಾತ್ರಿ ಪಾಳಿ ಮುಗಿಸಿ ಮಲಗಿದ್ದೆ. ಆಮೇಲೆ ಯಾರೋ ಹೇಳಿದರು."

ಈ ಕೈಗಳಲ್ಲೇ ಸುತ್ತಿದೆ ಎಂದು ಕಣ್ಣಲ್ಲಿ ನೀರು ತಂದುಕೊಂಡವನು ಇದೇ ಕುರ್ಚಿಯಲ್ಲಿ ಕೂತಿದ್ದ!

"ಸೂರ್ ಎದುರಿಗೆ ಅನ್ನುವುದಾದರೂ ನಿಜವಾ?"

"ಆ ಕಡೆಯಲ್ಲೇ ಎಲ್ಲೋ. ನೋಡು, ಹೆಸರು ಯಾವುದಾದರೇನು, ದಿನ ಯಾವುದಾದರೇನು? ಅವನನ್ನು ಪ್ರಪಂಚ ನೆನಪಿಟ್ಟುಕೊಂಡದ್ದು ನನ್ನಿಂದ. ಪಿಯುಸ್ ಎಂದೇ ಇರಲಿ. ಮುಂದಿನ ಮುದ್ರಣದಲ್ಲೂ ನಾನು ಬದಲಾಯಿಸುವುದಿಲ್ಲ."

ಪಿಯುಸ್ ಎಂದೇ ಇರಲಿ ಎಂದು ಪಿಯುಸ್‌ನ ಮಗನಿಗೆ ಹೇಳುತ್ತಿದ್ದಾನೆ ಎಂಬುದೂ ಅವನ ತಲೆಗೆ ಹೋಗಲಿಲ್ಲ. ನನ್ನ ಪ್ರತಿಯನ್ನು ಅವನ ಮೇಜಿನ ಮೇಲಿಟ್ಟು ಬಂದೆ. ಬರುವಾಗ ಹಿಂದಿನಿಂದ ಜೂನ್ ತಿಂಗಳ ಬಗ್ಗೆ ಏನೋ ಹೇಳಿದ. ಪೂರ್ತಿ ಕೇಳಿಸಿಕೊಳ್ಳಲಿಲ್ಲ.

12 ಫೆಬ್ರವರಿ, ಶುಕ್ರವಾರ

ಮೋಹಿನಿಯ ಮನೆಯಲ್ಲಿ ಫೋನಿಲ್ಲ. ಗಂಡ ಹೆಂಡತಿ ಬೆಳಿಗ್ಗೆ ನಮ್ಮಲ್ಲಿಗೆ ಬಂದರು. ಮಲ್ಪೆಯ ಐಸ್ ಪ್ಲಾಂಟಿಗೆ ಫೋನ್ ಮಾಡಿ, ಕುಸುಮಮ್ಮನನ್ನು ಕರೆಸಿ ಎಂದು ಹೇಳಿ ಕಾದೆವು. ಅಡುಗೆಮನೆಯಲ್ಲಿ ಸೋಫಿಯಾಳ ಮೀನಿನ ಸಾರು ಕುದಿಯುತ್ತಿತ್ತು. ಪಪ್ಪಾ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ತಾನೇ ಮಾತಾಡುತ್ತೇನೆ ಎಂದಿದ್ದರು. ಮೋಹಿನಿ, "ಬೇಡ, ನೀವು ಒಮ್ಮೆ ಮಾತಾಡಿದ್ದೀರಲ್ಲ" ಎಂದಳು.

ಮತ್ತೆ ಲೈನ್ ಸಿಕ್ಕಿತು. ಮೋಹಿನಿ ತುಳುವಿನಲ್ಲಿ ನಿಧಾನಕ್ಕೆ ಹೇಳಿದಳು. ಹಡಗು, ಜ್ವರ, ಕಡಲು. ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಲೈನ್ ಹೋಯಿತೋ ಎಂದು ಗುರುವ ಹತ್ತಿರ ಬಂದ. ಆಮೇಲೆ ಒಂದು ಸಣ್ಣ ಸ್ವರ. ಒಂದೇ ಪ್ರಶ್ನೆ. ಮೋಹಿನಿ ನನ್ನ ಕಡೆ ನೋಡಿದಳು. ಅದೇ ಪ್ರಶ್ನೆ ಎಂದು ಗೊತ್ತಾಯಿತು.

"ಗೊತ್ತಿಲ್ಲ ಅಮ್ಮ" ಎಂದಳು. "ಬರೆದವರಿಗೂ ಗೊತ್ತಿಲ್ಲ."

ಆ ಕಡೆ ಬಳೆ ಸದ್ದಾಯಿತೋ ಅಥವಾ ನನಗೆ ಹಾಗೆ ಕೇಳಿಸಿತೋ. ಮೋಹಿನಿ ಹೂಂ, ಹೂಂ ಎನ್ನುತ್ತಾ ಹೋದಳು. ಫೋನ್ ಇಟ್ಟ ಮೇಲೆ ನಮ್ಮೆಲ್ಲರಿಗೂ ಅರ್ಥವಾಗಲಿ ಎಂದು ಕನ್ನಡದಲ್ಲಿ ಹೇಳಿದಳು.

"ದಿನ ಗೊತ್ತಿಲ್ಲದಿದ್ರೆ ಕೇಳಿದ ದಿನವೇ ದಿನ ಅಂತೆ. ಸೂತಕ ಇವತ್ತಿನಿಂದ. ತಲೆಗೆ ನೀರು ಹಾಕ್ಕೋ, ಮನೆಯಲ್ಲಿ ಒಲೆ ಹಚ್ಚಬೇಡ ಅಂದ್ರು." ಒಂದು ಸಲ ಉಸಿರೆಳೆದುಕೊಂಡಳು. "ನನ್ನ ಅಪ್ಪ ಇವತ್ತು ತೀರಿಹೋದ್ರು."

ಅಲ್ಲಿಯವರೆಗೆ ಒಂದು ಹನಿ ಹಾಕದವಳು ನೆಲದ ಮೇಲೆ ಕೂತು ಅಳತೊಡಗಿದಳು, ಮುಖ ಕಂಡಿದ್ದ ಅಪ್ಪನಿಗೆ ಅಳುವ ಹಾಗೆ. ಸೋಫಿಯಾ ಎದ್ದು ಅಡುಗೆಮನೆಗೆ ಹೋಗಿ ಒಲೆ ಆರಿಸಿದಳು.